ಮಹಾಡ್ ಕೆರೆ ಮತ್ತು ಮನುಷ್ಯನ ಜೀನೋಮ್

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಮೀಸಲಾತಿ ಮಾತು ಬಂದಾಗಲೆಲ್ಲ "ವಿಜ್ಞಾನದಲ್ಲಿ ಜಾತಿ ಎಲ್ಲಿದೆ ರೀ, ಅಲ್ಲಿ ಬರೀ ಮೆರಿಟ್" ಅನ್ನೋರಿದ್ದಾರೆ. ನಮ್ಮವರಲ್ಲೂ ಕೆಲವರು "ಕಂಪ್ಯೂಟರು, ಡಿಎನ್‌ಎ ಎಲ್ಲ ದೊಡ್ಡೋರ ವಿಷಯ, ನಮ್ಮ ಹೋರಾಟ ಬೀದೀಲಿ" ಅಂತಾರೆ. ಇಬ್ಬರೂ ಜಿಮ್ ಕೆಂಟ್ ಅನ್ನೋ ಅಮೆರಿಕದ ಪ್ರೋಗ್ರಾಮರ್ ಬಗ್ಗೆ ತಿಳ್ಕೊಳ್ಳಬೇಕು.

ಮನುಷ್ಯನ ಜೀನೋಮ್ ಅಂದ್ರೆ ಸುಮಾರು 300 ಕೋಟಿ ಅಕ್ಷರಗಳ ಒಂದು ಕಡತ. ಆಗಿನ ಯಂತ್ರಗಳು ಒಂದು ಸಲಕ್ಕೆ ಓದ್ತಿದ್ದದ್ದು ಸುಮಾರು 500 ಅಕ್ಷರ. ನಮ್ಮಂಥ ಗುಮಾಸ್ತರ ಭಾಷೇಲಿ ಹೇಳ್ತೀನಿ. ಒಂದು ಕಡತವನ್ನ ಹತ್ತು ಸಲ ಜೆರಾಕ್ಸ್ ಮಾಡಿ, ಎಲ್ಲಾನೂ ಅಡ್ಡಾದಿಡ್ಡಿ ಹರಿದು, ಪುಟಸಂಖ್ಯೆ ಇಲ್ಲದೆ ರಾಶಿ ಹಾಕಿ, "ಮೊದಲಿನ ಹಾಗೆ ಜೋಡಿಸು" ಅಂದ್ರೆ? ಒಂದು ಚೂರಿನ ಕೊನೆ, ಇನ್ನೊಂದರ ಶುರು ಹೊಂದುತ್ತಾ ಅಂತ ನೋಡ್ತಾ ಹೋಗಬೇಕು. ಅದರಲ್ಲೂ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅನ್ನೋ ಸಾಲು ಪುಟಪುಟದಲ್ಲೂ ಇದ್ರೆ ಯಾವ ಚೂರು ಎಲ್ಲಿಯದು? ಜೀನೋಮ್‌ನಲ್ಲಿ ಅರ್ಧದಷ್ಟು ಇಂಥ ಪುನರಾವರ್ತನೆಯೇ. ಅದಕ್ಕೇ ಈ ಜೋಡಣೆ ಬರೀ ಜೀವಶಾಸ್ತ್ರಜ್ಞರ ಕೈಲಿ ಆಗೋ ಕೆಲಸ ಅಲ್ಲ, ಕಂಪ್ಯೂಟರ್ ವಿಜ್ಞಾನಿ ಬೇಕು.

1998ರಲ್ಲಿ ಸೆಲೆರಾ ಅನ್ನೋ ಖಾಸಗಿ ಕಂಪನಿ ಕಣಕ್ಕಿಳೀತು. ಅದರ ಜೋಡಣೆ ತಂತ್ರಾಂಶದ ಹಿಂದೆ ಇದ್ದವರು ಜೀನ್ ಮೈಯರ್ಸ್. ಇಂದಿಗೂ ಲೋಕವೆಲ್ಲ ಪುಕ್ಕಟೆ ಬಳಸೋ ಬ್ಲಾಸ್ಟ್ ಅನ್ನೋ ಹುಡುಕಾಟದ ಸಾಧನವನ್ನ 1990ರಲ್ಲಿ ಕೊಟ್ಟ ಐವರಲ್ಲಿ ಒಬ್ಬರು. ಇಡೀ ಜೀನೋಮ್ ಚೂರು ಮಾಡಿ ಒಂದೇ ಸಲಕ್ಕೆ ಜೋಡಿಸಬಹುದು ಅಂತ 1997ರಲ್ಲೇ ಹೇಳಿದ್ರು, ಸರ್ಕಾರಿ ಯೋಜನೆಯವರು ಒಪ್ಪಲಿಲ್ಲ, ಕಂಪನಿ ಕರೀತು, ಹೋದ್ರು. ಅವರ ಪ್ರತಿಭೆ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಬೀಗದ ಬಗ್ಗೆ.

ಸರ್ಕಾರಿ ಯೋಜನೆ 1996ರಿಂದಲೇ ಒಂದು ನಿಯಮ ಇಟ್ಕೊಂಡಿತ್ತು: ಓದಿದ ಅಕ್ಷರಗಳನ್ನ 24 ಗಂಟೆಯೊಳಗೆ ಎಲ್ಲರಿಗೂ ಬಿಡಬೇಕು. ಸೆಲೆರಾ ಆ ಸಾರ್ವಜನಿಕ ದತ್ತಾಂಶವನ್ನ ತಾನೂ ತಗೊಂಡು ಬಳಸ್ತು. ತನ್ನದಕ್ಕೆ ಮಾತ್ರ ಚಂದಾ, ಷರತ್ತು. ಸಾವಿರಾರು ಜೀನ್ ತುಣುಕುಗಳ ಮೇಲೆ ಪೇಟೆಂಟಿಗೆ ಪ್ರಾಥಮಿಕ ಅರ್ಜಿ ಬೇರೆ. ಊರ ಕೆರೆ ನೀರು ತನಗೂ ಬೇಕು, ತನ್ನ ಬಾವಿ ಹತ್ರ ಯಾರೂ ಬರಬಾರದು. ಈ ನ್ಯಾಯ ನಮಗೆ ಹೊಸದಾ ಸ್ವಾಮಿ?

ಆಗ ಬಂದದ್ದು ಜಿಮ್ ಕೆಂಟ್. ಮೊದಲು ಆನಿಮೇಷನ್ ತಂತ್ರಾಂಶ ಬರೀತಿದ್ದ ಮನುಷ್ಯ, ನಲವತ್ತರ ಹೊಸ್ತಿಲಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಸರ್ಕಾರಿ ಯೋಜನೆ ಕೈಲಿ ಸುಮಾರು 4 ಲಕ್ಷ ಚೂರುಗಳಿದ್ವು, ಜೋಡಿಸಿದ ಕಡತ ಇರಲಿಲ್ಲ. ಪ್ರೊಫೆಸರ್ ಡೇವಿಡ್ ಹಾಸ್ಲರ್ 100 ಸಾದಾ ಕಂಪ್ಯೂಟರ್ ಹೊಂದಿಸಿದ್ರು. ಕೆಂಟ್ ನಾಲ್ಕು ವಾರ ಕೂತು, ರಾತ್ರಿ ಮಣಿಕಟ್ಟಿಗೆ ಐಸ್ ಇಟ್ಕೊಂಡು, ಗಿಗ್‌ಅಸೆಂಬ್ಲರ್ ಬರೆದ. 2000ದ ಜೂನ್ 22ಕ್ಕೆ ಜೋಡಣೆ ಆಯ್ತು. ಜುಲೈ 7ಕ್ಕೆ ಇಂಟರ್ನೆಟ್ಟಲ್ಲಿ ಎಲ್ಲರಿಗೂ ಬಿಟ್ಟರು. ಪುಕ್ಕಟೆ.

ಮಹಾಡ್ ನೆನಪಿಸ್ಕೊಳ್ಳಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದಾಗ ಬಾಯಾರಿಕೆಯಷ್ಟೇ ಪ್ರಶ್ನೆ ಆಗಿರಲಿಲ್ಲ. ಎಲ್ಲರದ್ದು ಎಲ್ಲರದೇ ಅಂತ ಸಾಬೀತು ಮಾಡೋದು ಪ್ರಶ್ನೆ. ಅಕ್ಷರಕ್ಕೆ ಬೀಗ ಹಾಕಿ ನಮ್ಮನ್ನ ಸಾವಿರಾರು ವರ್ಷ ಹೊರಗೆ ನಿಲ್ಲಿಸಿದ್ದಾರೆ. ಮೈಯೊಳಗಿನ ಅಕ್ಷರಕ್ಕೂ ಬೀಗ ಹಾಕೋರು ಬಂದಾಗ ಅದರ ವಾಸನೆ ನಮಗೇ ಮೊದಲು ಬಡೀಬೇಕು.

ಈಗ ಮೆರಿಟ್ ಶೂರರಿಗೆ. ಕೆಂಟ್ ಬುದ್ಧಿವಂತ, ಹೌದು. ಆದ್ರೆ ಆ ಬುದ್ಧಿಗೆ 100 ಕಂಪ್ಯೂಟರ್ ಕೊಟ್ಟಿದ್ದು ಯಾರು? ಸರ್ಕಾರಿ ವಿಶ್ವವಿದ್ಯಾಲಯ. ವಯಸ್ಸಾದ ವಿದ್ಯಾರ್ಥಿನ ನಂಬಿದ್ದು ಯಾರು? ಒಬ್ಬ ಗೈಡ್. ನಮ್ಮ ಹುಡುಗ ಫೆಲೋಶಿಪ್ ಹಣಕ್ಕೆ ತಿಂಗಳುಗಟ್ಟಲೆ ಕಾಯ್ತಾನೆ, ನಮ್ಮ ಹುಡುಗಿಗೆ ಗೈಡ್ ಮುಖ ಕೊಟ್ಟು ಮಾತಾಡಲ್ಲ. ಆಮೇಲೆ "ಮೆರಿಟ್ ಇಲ್ಲ" ಅಂತೀರಿ. ಯಂತ್ರ, ಕಾಸು, ನಂಬಿಕೆ ಮೂರೂ ಕೊಟ್ಟು ನೋಡಿ, ಆಮೇಲೆ ಮಾತಾಡಿ.

ನಮ್ಮವರಿಗೂ ಒಂದು ಮಾತು. ವಾಟ್ಸಾಪಲ್ಲಿ "ಡಿಎನ್‌ಎ ಪ್ರಕಾರ ಅವರು ವಿದೇಶಿಗಳು, ನಾವು ಶುದ್ಧ ಮೂಲನಿವಾಸಿಗಳು" ಅಂತ ಫಾರ್ವರ್ಡ್ ಮಾಡೋದು ನಿಲ್ಲಿಸಿ. ಶುದ್ಧ ರಕ್ತ ಅನ್ನೋದು ಮನುವಿನ ಭಾಷೆ, ನಮ್ಮದಲ್ಲ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ಮಾಡಿದ ಅಧ್ಯಯನ ಹೇಳಿದ್ದೇನು? ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಧಾರಾಳವಾಗಿ ಬೆರೆತರು, ಆಮೇಲೆ ಒಳಮದುವೆ ಗಟ್ಟಿಯಾಯ್ತು. ಜಾತಿಯ ಜೀವ ಇರೋದು ಒಳಮದುವೆಯಲ್ಲೇ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಹೇಳಿದ್ರು. ಜಾತಿ ರಕ್ತದಲ್ಲಿಲ್ಲ, ರಕ್ತಕ್ಕೆ ಹಾಕಿದ ಬೇಲಿಯಲ್ಲಿದೆ.

ಇದು ದೂರದ ಮಾತಲ್ಲ. ಜೀನೋಮ್ ಇಂಡಿಯಾ ಯೋಜನೆ ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲೇ ನಡೆದದ್ದು. ದೇಶದ ಸುಮಾರು 10,000 ಜನರ ಜೀನೋಮ್ ಓದಿದ್ದಾರೆ. ಒಬ್ಬೊಬ್ಬರ ಡಿಎನ್‌ಎ ಬೀದಿಗೆ ಸುರಿಯಿರಿ ಅಂತ ನಾನು ಹೇಳ್ತಿಲ್ಲ, ಅದು ಅವರವರ ಗುಟ್ಟು, ಅದಕ್ಕೆ ಕಾವಲು ಬೇಕೇ ಬೇಕು. ಆದ್ರೆ ಕೇಳೋ ಹಕ್ಕು ನಮಗಿದೆ. ರಕ್ತ ಕೊಟ್ಟ ಸಮುದಾಯಗಳಿಗೆ ವಾಪಸ್ ಬಂದದ್ದೇನು? ನಾಳೆ ಅದರಿಂದ ಔಷಧಿ ಬಂದ್ರೆ ಯಾರ ಕೈಗೆಟುಕೋ ಬೆಲೆಗೆ? ಕಂಪ್ಯೂಟರ್ ಮುಂದೆ ಕೂತು ಆ ಅಕ್ಷರ ಓದೋರಲ್ಲಿ ನಮ್ಮ ಮಕ್ಕಳು ಎಷ್ಟು ಜನ?

ರಕ್ತ ಕೊಡೋಕೆ ನಾವು, ಓದೋಕೆ ಅವರು ಅನ್ನೋದಾದ್ರೆ ಅದು ಹಳೇ ಅಗ್ರಹಾರವೇ, ಎಸಿ ಹಾಕಿದ್ದಾರೆ ಅಷ್ಟೇ.

ನಿಮ್ಮ ಕೇರೀಲಿ ಬಿಎಸ್ಸಿ, ಬಿಸಿಎ ಓದ್ತಿರೋ ಮಕ್ಕಳಿಗೆ ಹೇಳಿ: ಬಯೋಇನ್ಫರ್ಮ್ಯಾಟಿಕ್ಸ್ ಅನ್ನೋ ಓದು ಇದೆ. ಜೀನೋಮ್ ದತ್ತಾಂಶ ಪುಕ್ಕಟೆ ಸಿಗುತ್ತೆ, ಕೆಂಟ್ ಮತ್ತು ಅವರ ಜೊತೆಯವರು ಅವತ್ತು ತೆರೆದಿಟ್ಟ ಬಾಗಿಲು ಇನ್ನೂ ತೆರೆದೇ ಇದೆ. ಕೆರೆ ತುಂಬಿದೆ. ಇಳೀಬೇಕಾದವರು ನಾವು.

ಜೈ ಭೀಮ್.