ಡಾಕ್ಟರಮ್ಮ ಮಂತ್ರಿಯಾದದ್ದು ಏಕೆ?

ಮಕ್ಕಳೇ, ಈ ವಾರ ನಾವು ಇರಾಕ್ ದೇಶಕ್ಕೆ ಹೋಗೋಣ. ಟೈಗ್ರಿಸ್ ನದಿಯ ದಡದ ಬಾಗ್ದಾದ್ ಅದರ ರಾಜಧಾನಿ. ಅಲ್ಲಿ 1923ರಲ್ಲಿ ಹುಟ್ಟಿದವರು ನಜೀಹಾ ಅಲ್-ದುಲೈಮಿ. ಅರಬ್ ದೇಶಗಳಲ್ಲೇ ಮೊತ್ತಮೊದಲು ಮಂತ್ರಿಯಾದ ಮಹಿಳೆ ಇವರು. ಆದರೆ ಓದಿದ್ದು ವೈದ್ಯಕೀಯ.

"ಡಾಕ್ಟರಾದವರು ಮಂತ್ರಿ ಯಾಕಾದರು ತಾತ?" ಎಂದಳು ನನ್ನ ಮೊಮ್ಮಗಳು. ಪ್ರಶ್ನೆ ಚೆನ್ನಾಗಿದೆ.

ಆಗ ಬಾಗ್ದಾದಿನ ಮೆಡಿಕಲ್ ಕಾಲೇಜಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಓದು ಮುಗಿಸಿದ ನಜೀಹಾ ಬಡವರಿಗೆ ದುಡ್ಡಿಲ್ಲದೆ ಔಷಧಿ ಕೊಡತೊಡಗಿದರು. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಊರಿಂದೂರಿಗೆ ವರ್ಗ ಮಾಡಿತು. ಹೋದ ಊರಲ್ಲೆಲ್ಲ ಅವರು ಅದನ್ನೇ ಮಾಡಿದರು!

ದಕ್ಷಿಣ ಇರಾಕಿನ ಹಳ್ಳಿಗಳಲ್ಲಿ ಬೆಜೆಲ್ ಎಂಬ ಅಂಟುರೋಗವಿತ್ತು. ಹೆಚ್ಚಾಗಿ ಮಕ್ಕಳಿಗೆ ಬರುವಂಥದು. ಒಂದೇ ಲೋಟದಲ್ಲಿ ಹಲವರು ಕುಡಿದರೂ ಹರಡಬಹುದು. ಪೆನಿಸಿಲಿನ್ ಕೊಟ್ಟರೆ ವಾಸಿಯಾಗುತ್ತದೆ. ಆದರೆ ವಾಸಿಯಾದ ಮಗು ಮತ್ತೆ ಅದೇ ಗುಡಿಸಲಿಗೆ, ಅದೇ ಒಂದು ಲೋಟಕ್ಕೆ ಹೋದರೆ? ಔಷಧಿಯೊಂದೇ ಸಾಲದು, ಬಡತನಕ್ಕೂ ಚಿಕಿತ್ಸೆ ಬೇಕು ಎಂಬುದು ನಜೀಹಾ ಅವರಿಗೆ ಮನದಟ್ಟಾಯಿತು. 1952ರಲ್ಲಿ ಅವರೂ ಗೆಳತಿಯರೂ ಸೇರಿ ಇರಾಕಿ ಮಹಿಳೆಯರ ಸಂಘ ಕಟ್ಟಿದರು.

1958ರಲ್ಲಿ ಇರಾಕಿನಲ್ಲಿ ರಾಜನ ಆಳ್ವಿಕೆ ಕೊನೆಗೊಂಡಿತು. ಮರುವರ್ಷ ಪ್ರಧಾನಿ ಅಬ್ದುಲ್ ಕರೀಮ್ ಖಾಸಿಮ್ ಅವರು ನಜೀಹಾ ಅವರಿಗೆ ಪುರಸಭೆಗಳ ಖಾತೆ ಕೊಟ್ಟರು. ನಾನು ಮೂವತ್ತು ವರ್ಷ ನೋಡಿಕೊಂಡ ಬ್ಯಾಂಕಿನ ಖಾತೆಯಲ್ಲ ಮಕ್ಕಳೇ! ಇದು ನಲ್ಲಿ ನೀರು, ಚರಂಡಿ, ಬೀದಿದೀಪ, ನಿವೇಶನಗಳ ಖಾತೆ. ದಕ್ಷಿಣದ ಜಮೀನ್ದಾರರ ಕಾಟ ತಾಳದೆ ಬಂದ ರೈತರು ಬಾಗ್ದಾದಿನ ಅಂಚಿನಲ್ಲಿ ಜೊಂಡು, ಮಣ್ಣಿನ ಗುಡಿಸಲು ಹಾಕಿಕೊಂಡಿದ್ದರು. ಅವರಿಗಾಗಿ ಅಲ್-ಥೌರಾ ಎಂಬ ಹೊಸ ಬಡಾವಣೆ ಎದ್ದಿತು. ಅದರ ಕೆಲಸದಲ್ಲಿ ನಜೀಹಾ ಅವರ ಪಾಲಿತ್ತು.

ಅದೇ 1959ರಲ್ಲಿ ಇನ್ನೊಂದು ದೊಡ್ಡ ಕೆಲಸವಾಯಿತು. 188ನೇ ಕಾನೂನು ಬಂತು. ಮದುವೆಗೆ 18 ವರ್ಷ ತುಂಬಿರಬೇಕು, ಎರಡನೆಯ ಹೆಂಡತಿಯನ್ನು ತರಲು ನ್ಯಾಯಾಧೀಶರ ಒಪ್ಪಿಗೆ ಬೇಕು ಎಂದಿತು. ಇದಕ್ಕಾಗಿ ನಜೀಹಾ ಮತ್ತು ಅವರ ಸಂಘ ದುಡಿದಿದ್ದವು. ಕಾನೂನಿನ ಒಂದು ಸಾಲಿಗೆ ಎಷ್ಟು ಬೆಲೆ ಎಂದು ನಾನು ಕೌಂಟರಿನಲ್ಲಿ ಕುಳಿತು ಬಲ್ಲೆ. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರಿದ್ದ ಹೆಂಗಸಿನ ದುಡ್ಡು ಯಾರು ಕೇಳಿದರೂ ಅವಳ ಸಹಿಯಿಲ್ಲದೆ ಹೊರಗೆ ಹೋಗುತ್ತಿರಲಿಲ್ಲ.

ಒಂದು ಸೋಜಿಗ ಕೇಳಿ. ನಜೀಹಾ ಮಂತ್ರಿಯಾದಾಗ ಇರಾಕಿನ ಮಹಿಳೆಯರಿಗೆ ವೋಟು ಹಾಕುವ ಹಕ್ಕೇ ಇರಲಿಲ್ಲ! ಅದು ಸಿಕ್ಕಿದ್ದು 1980ರಲ್ಲಿ. ನಮ್ಮ ದೇಶದಲ್ಲಿ ಮೊದಲ ಮಹಾಚುನಾವಣೆಯಿಂದಲೇ ಗಂಡಸರು, ಹೆಂಗಸರು ಒಂದೇ ಸಾಲಿನ ಹಕ್ಕುದಾರರು.

ನಜೀಹಾ ಅವರ ಅಧಿಕಾರ ಬಹಳ ಕಾಲ ಉಳಿಯಲಿಲ್ಲ. 1963ರಲ್ಲಿ ಸೈನ್ಯದವರು ಖಾಸಿಮ್ ಅವರನ್ನು ಕೊಂದು ಸರ್ಕಾರ ಉರುಳಿಸಿದರು. ಡಾಕ್ಟರಮ್ಮ ಹಲವು ವರ್ಷ ಪರದೇಶಗಳಲ್ಲಿ ಬದುಕಬೇಕಾಯಿತು. 2007ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಆದರೆ 2003ರ ಕೊನೆಯಲ್ಲಿ ಆ 188ನೇ ಕಾನೂನನ್ನು ತೆಗೆಯಹೊರಟಾಗ ಬಾಗ್ದಾದಿನ ಮಹಿಳೆಯರು ಬೀದಿಗಿಳಿದರು. ಆ ಆದೇಶ ಕೆಲವೇ ವಾರಗಳಲ್ಲಿ ರದ್ದಾಯಿತು. ಆ ಕಾನೂನಿನ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಪಡೆದ ಹಕ್ಕನ್ನು ಕಾಯುತ್ತಲೇ ಇರಬೇಕು, ಬೆಳೆ ಕಾದ ಹಾಗೆ.

ಈಗ ನಿಮಗೊಂದು ಕೆಲಸ. ಇವತ್ತು ರಾತ್ರಿ ಊಟವಾದ ಮೇಲೆ ಅಜ್ಜಿಯ ಪಕ್ಕ ಕುಳಿತು ಕೇಳಿ: "ಅಜ್ಜಿ, ನಿನಗೆ ಮದುವೆಯಾದಾಗ ಎಷ್ಟು ವಯಸ್ಸು? ಇನ್ನೂ ಓದಬೇಕು ಅನ್ನಿಸಿತ್ತಾ?" ಅವರು ಹೇಳಿ ಮುಗಿಸುವ ತನಕ ಎದ್ದು ಹೋಗಬೇಡಿ.