ಬೀಗ ಗಟ್ಟಿಯೇ, ಬೀಗದ ಕೈ?

ನವೆಂಬರ್ ಬಂತೆಂದರೆ ಪಿಂಚಣಿದಾರರು ‘ನಾನು ಬದುಕಿದ್ದೇನೆ’ ಎಂದು ಸರ್ಕಾರಕ್ಕೆ ತಿಳಿಸಬೇಕು. ಜೀವಿತ ಪ್ರಮಾಣಪತ್ರ ತಲುಪದಿದ್ದರೆ ಪಿಂಚಣಿ ನಿಂತೀತು. ಹಿರಿಯರ ಈ ಅಳುಕನ್ನು ಮೋಸಗಾರರು ಚೆನ್ನಾಗಿ ಬಲ್ಲರು.

ನಮ್ಮ ಬೀದಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ಒಂದು ಬೆಳಿಗ್ಗೆ ಫೋನ್ ಬಂತು. “ಸಾರ್, ಪಿಂಚಣಿ ಕಚೇರಿಯಿಂದ ಮಾತಾಡ್ತಿದೀನಿ. ನಿಮ್ಮ ಪ್ರಮಾಣಪತ್ರ ಬಂದಿಲ್ಲ, ಈ ತಿಂಗಳ ಪಿಂಚಣಿ ನಿಲ್ಲುತ್ತೆ. ನೀವು ಬ್ಯಾಂಕಿಗೆ ಅಲೆಯೋದು ಬೇಡ, ಇಲ್ಲೇ ಸರಿಮಾಡಿಕೊಡ್ತೀನಿ.” ಮಾತು ನಯವಾಗಿತ್ತು. ಮೇಷ್ಟ್ರು ನಿವೃತ್ತರಾದ ತಾರೀಖು, ಪಿಂಚಣಿ ಆದೇಶದ ಸಂಖ್ಯೆ ಎರಡನ್ನೂ ಅವನೇ ಹೇಳಿದ. ಇಷ್ಟೆಲ್ಲ ತಿಳಿದವನನ್ನು ನಂಬದಿರುವುದು ಹೇಗೆ? ಮೊಬೈಲಿಗೆ ಬಂದ ಆರು ಅಂಕಿಗಳನ್ನು ಮೇಷ್ಟ್ರು ತರಗತಿಯಲ್ಲಿ ಉಕ್ತಲೇಖನ ಕೊಡುವಂತೆ ಬಿಡಿಸಿ ಬಿಡಿಸಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಖಾತೆಯಿಂದ 80,000 ರೂಪಾಯಿ ಹೋಗಿತ್ತು.

ಆ ಆರು ಅಂಕಿಗಳೇ ಓಟಿಪಿ, ಅಂದರೆ ಒಂದೇ ಸಲ ಬಳಸುವ ಗುಪ್ತಸಂಖ್ಯೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಆರು ಸ್ಥಾನಗಳಲ್ಲಿ 10 ಲಕ್ಷ ಬಗೆಯಲ್ಲಿ ಜೋಡಿಸಬಹುದು. ಕಳ್ಳ ಮೂರು ಸಲ ಊಹಿಸಿದರೂ ಗೆಲ್ಲುವ ಸಾಧ್ಯತೆ 10 ಲಕ್ಷಕ್ಕೆ 3 ಮಾತ್ರ. ಅಷ್ಟರಲ್ಲಿ ಆ ಸಂಖ್ಯೆಯ ಅವಧಿಯೂ ಮುಗಿದುಹೋಗುತ್ತದೆ. ಇಷ್ಟು ಗಟ್ಟಿ ಬೀಗವನ್ನು ಒಡೆಯಲು ಆಗುವುದಿಲ್ಲ ಎಂದೇ ಅವನು ಮನೆಯ ಯಜಮಾನನಿಂದಲೇ ಬೀಗದ ಕೈ ಕೇಳುತ್ತಾನೆ. ಕೇಳುವಾಗ ಯೋಚಿಸಲು ಬಿಡುವುದಿಲ್ಲ. ‘ಈಗಲೇ’, ‘ಇವತ್ತೇ’ ಎನ್ನುವುದು ಅವನ ಬಂಡವಾಳ.

ಹಾಗಾದರೆ ಮೇಷ್ಟ್ರ ವಿವರ ಅವನಿಗೆ ಸಿಕ್ಕಿದ್ದು ಹೇಗೆ? ನಮ್ಮ ಹೆಸರು, ವಿಳಾಸ, ಆಧಾರ್ ಪ್ರತಿಗಳು ಹತ್ತಾರು ಕಡೆ ಬಿದ್ದಿರುತ್ತವೆ. ಅವು ಸೋರಿ ಕಳ್ಳರ ಕೈ ಸೇರಬಹುದು. ಆದ್ದರಿಂದ ನಮ್ಮ ಬಗ್ಗೆ ತಿಳಿದವನೆಲ್ಲ ನಮ್ಮವನಲ್ಲ. ಫೋನಿನ ಮೇಲೆ ಕಾಣುವ ಸಂಖ್ಯೆಯೂ ಸಾಕ್ಷಿಯಲ್ಲ, ಅದನ್ನು ಬದಲಿಸಿ ತೋರಿಸುವ ಉಪಾಯಗಳಿವೆ. ಬ್ಯಾಂಕಿನವರಾಗಲಿ ಪಿಂಚಣಿ ಕಚೇರಿಯವರಾಗಲಿ ಫೋನ್ ಮಾಡಿ ಓಟಿಪಿ, ಪಿನ್ ಕೇಳುವುದಿಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಮೇಷ್ಟ್ರು ಕಳೆದುಕೊಂಡದ್ದು ಹಣ ಮಾತ್ರವಲ್ಲ, ನಾಲ್ಕು ದಿನಗಳನ್ನೂ ಕಳೆದುಕೊಂಡರು. ಮಗ ಏನೆಂದಾನೋ ಎಂಬ ನಾಚಿಕೆಗೆ ಯಾರಿಗೂ ಬಾಯಿ ಬಿಡಲಿಲ್ಲ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುತ್ತದೆ. ಕೈಗೆ ನಗದಾಗಿ ಸಿಗುವ ಮುನ್ನ ಸುದ್ದಿ ಮುಟ್ಟಿದರೆ ಎಲ್ಲಾದರೂ ತಡೆಹಿಡಿಯಬಹುದು. ಅದಕ್ಕೆಂದೇ 1930 ಎಂಬ ಸಹಾಯವಾಣಿ ಇದೆ. ಮೊದಲು ಅಲ್ಲಿಗೆ, ಕೂಡಲೇ ಬ್ಯಾಂಕಿಗೆ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಗುಪ್ತಸಂಖ್ಯೆ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಒಂದೊಂದು ಗಂಟೆಗೂ ಬೆಲೆ ಇದೆ.

ಮನೆಯಲ್ಲಿ ಹಿರಿಯರಿದ್ದರೆ ಮೂರು ಕೆಲಸ ಮಾಡಿ. ಪಾಸ್‌ಬುಕ್ಕಿನಲ್ಲಿರುವ ಬ್ಯಾಂಕಿನ ಸಂಖ್ಯೆಯನ್ನೂ 1930ನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ಪಿಂಚಣಿ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಉಳಿಸಿ, ಮಿಕ್ಕದ್ದನ್ನು ಫೋನಿಗೆ ಜೋಡಿಸದ ಬೇರೆ ಖಾತೆಯಲ್ಲಿಡಿ. ಮೂರನೆಯದು ಒಂದು ಪ್ರಯೋಗ: ಭಾನುವಾರ ನೀವೇ ಮೋಸಗಾರನಂತೆ ಫೋನ್ ಮಾಡಿ, “ಮನೆಯವರನ್ನು ಕೇಳಿ ಹೇಳ್ತೀನಿ” ಎಂದು ಫೋನ್ ಇಡುವುದನ್ನು ಅವರಿಗೆ ರೂಢಿ ಮಾಡಿಸಿ. ಜೀವನವಿಡೀ ಎದುರಿನವರ ಮಾತು ಮುಗಿಯುವ ತನಕ ಕಾದವರಿಗೆ ನಡುವೆ ಫೋನ್ ಇಡುವುದು ಅಪಚಾರವೆನಿಸುತ್ತದೆ. ಅದು ಅಪಚಾರವಲ್ಲ ಎಂದು ನಾವೇ ಹೇಳಬೇಕು.

ಅಷ್ಟಾಗಿಯೂ ತಪ್ಪಾದರೆ ಬೈಯಬೇಡಿ. ಮೇಷ್ಟ್ರು ಕೊನೆಗೆ ನನ್ನೆದುರು ಹೇಳಿದ್ದು ಒಂದೇ ಮಾತು: “ಹಣ ಹೋದದ್ದಕ್ಕಿಂತ, ಮಗನಿಗೆ ಹೇಳೋದೇ ಕಷ್ಟವಾಯ್ತು.” ನಮ್ಮ ಮನೆಯ ಹಿರಿಯರಿಗೆ ಹಾಗನಿಸದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.