ತಡವಾಗಿ ಬಂದ ಇಳುವರಿ

1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ಭಾರತಕ್ಕೆ ಬಂದಿಳಿದಾಗ ವಿಜಯಪುರದ ಎರೆ ಸೀಮೆಗೆ ಅದು ದೂರದ ಸುದ್ದಿಯಾಗಿತ್ತು. ಇಲ್ಲಿ ಹಿಂಗಾರಿ ಎಂದರೆ ಬಿಳಿಜೋಳ. ಅದರ ಮಗ್ಗುಲಿಗೆ ಕಡಲೆ, ಕುಸುಬಿ, ಒಂದಿಷ್ಟು ಗೋಧಿ. ಆ ಗೋಧಿಯೂ ಉದ್ದ ದಂಟಿನ ಬಿಜಗ ಹಳದಿಯಂಥ ಗಟ್ಟಿ ಕಾಳಿನದು, ಇಲ್ಲವೇ ಕುಟ್ಟಿ ಸಿಪ್ಪೆ ಬಿಡಿಸಬೇಕಾದ ಜವೆ. ಹುಗ್ಗಿ, ಮಾದಲಿಗೆ ಬೇಕಾದಷ್ಟು ಬಂದರೆ ಸಾಕೆಂದು ಬಿತ್ತುತ್ತಿದ್ದವರೇ ಹೆಚ್ಚು. ಇಳುವರಿಯ ಚಿಂತೆ ಇರಲಿಲ್ಲವೆಂದಲ್ಲ. 1930ರ ದಶಕದಲ್ಲೇ ಇಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಶುರುವಾಗಿತ್ತು. ಬದು ಹಾಕಿ, ಕುಂಟೆ ಹೊಡೆಯುತ್ತಿರಿ, ಬೀಜ ಕಡಿಮೆ ಮಾಡಿ ಸಾಲು ಅಗಲಿಸಿ ಎಂಬುದು ಆ ಕಾಲದ ಬೋಧನೆ. ಅಂದು ಇಳುವರಿಯನ್ನು ಹುಡುಕಿದ್ದು ಬೀಜಕ್ಕಿಂತ ಹೆಚ್ಚಾಗಿ ಮಣ್ಣಿನ ಹಸಿಯಲ್ಲಿ.

ಹಸಿರು ಕ್ರಾಂತಿ ಈ ಲೆಕ್ಕವನ್ನೇ ಬದಲಿಸಿತು. ಜಪಾನಿನ ನೊರಿನ್-10ರಿಂದ ಬಂದ ಕುಬ್ಜ ಗುಣ ದಂಟನ್ನು ಗಿಡ್ಡ ಮಾಡಿತು. ನೀರು, ಯೂರಿಯಾ ಹೆಚ್ಚು ಕೊಟ್ಟರೂ ಪೈರು ಸುಲಭಕ್ಕೆ ನೆಲಕ್ಕೊರಗದು, ದಂಟಿಗೆ ಹೋಗುತ್ತಿದ್ದ ಕಸುವು ತೆನೆಗೆ ಸೇರುತ್ತದೆ. ಕಲ್ಯಾಣ ಸೋನಾ, ಸೋನಾಲಿಕಾ ದೇಶದ ಹಸಿವನ್ನು ನೀಗಿಸಿದವು. ಆ ಋಣವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಪೈರು ಒರಗುವಷ್ಟು ನೀರಾಗಲಿ, ಗೊಬ್ಬರವಾಗಲಿ ಇಲ್ಲಿನ ತಿಕೋಟಾ, ಬಬಲೇಶ್ವರದ ಒಣ ಹೊಲಗಳಲ್ಲಿ ಎಲ್ಲಿತ್ತು? ಇನ್ನೊಂದು ತೊಡಕೂ ಇತ್ತು. ಎರೆಯ ಮೇಲ್ಪದರ ಬೇಗ ಆರುತ್ತದೆ. ಕೂರಿಗೆ ಆಳಕ್ಕಿಳಿದು ಹಸಿ ಹಿಡಿದರೇನೇ ಬೀಜ ನಾಟುವುದು. ಗಿಡ್ಡ ತಳಿಯಲ್ಲಿ ದಂಟಿನೊಡನೆ ಮೊಳಕೆಯ ಕವಚವೂ ಮೋಟು. ಆಳಕ್ಕೆ ಬಿದ್ದ ಬೀಜ ಮೇಲೇಳಲು ತಿಣುಕುತ್ತಿತ್ತು.

ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಡಿಡಬ್ಲ್ಯುಆರ್-162 ಬಂತು. ನಮ್ಮ ಮೋಟು ಚಳಿಗಾಲಕ್ಕೆ, ಬೇಗ ಏರುವ ಬಿಸಿಲಿಗೆ ಒಗ್ಗಿದ ಒಳ್ಳೆಯ ತಳಿ; ಆದರೆ ಅದಕ್ಕೂ ನೀರು ಬೇಕು. ಆ ನೀರಿಗಾಗಿ ಈ ಸೀಮೆ ಕಾದದ್ದು ಎಷ್ಟೆಂಬುದು ಎಲ್ಲರಿಗೂ ನೆನಪಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟ ಮೇಲೆ ತುಬಚಿ-ಬಬಲೇಶ್ವರ ಏತ ನೀರಾವರಿಯನ್ನು ಕಾಣಲು ಒಂದು ತಲೆಮಾರಿಗಿಂತ ಹೆಚ್ಚು ಹಿಡಿಯಿತು. ನೀರು ಬಂದಾಗ ರೈತ ಗೋಧಿಯತ್ತ ನೋಡಲೇ ಇಲ್ಲ. ತಿಕೋಟಾದಲ್ಲಿ ದ್ರಾಕ್ಷಿ ಕಾದಿತ್ತು, ಬಬಲೇಶ್ವರದಲ್ಲಿ ಕಬ್ಬು. ಅವನ ಲೆಕ್ಕ ತಪ್ಪೆನ್ನಲು ನಮಗೆ ಬಾಯಿಲ್ಲ.

ಇನ್ನು ಜವೆಯ ಕಥೆ. ಇಳುವರಿ ಸಾಲದೆಂದು ಮೂಲೆ ಸೇರಿದ ಅದೇ ಕಾಳನ್ನು ಈಗ ನಗರದ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರು ಕೇಳಿ ಕೊಳ್ಳುತ್ತಾರೆ. ಧಾರವಾಡದ ತಳಿ ತಜ್ಞರು ಡಿಡಿಕೆ-1029ರಂಥ ತಳಿಗಳಲ್ಲಿ ಜವೆಯ ಉದ್ದ ದಂಟನ್ನೂ ಕುಗ್ಗಿಸಿ ಕಾಳು ಹೆಚ್ಚಿಸಿದ್ದಾರೆ. ಈ ಅರ್ಧ ಶತಮಾನದ ನಿಜವಾದ ಲಾಭಗಳಲ್ಲಿ ಇದನ್ನು ಎಣಿಸಬೇಕು. ಮಳೆಯಾಶ್ರಿತ ಹೊಲಕ್ಕೆಂದು ಯುಎಎಸ್-446 ಎಂಬ ಡ್ಯೂರಮ್ ಗೋಧಿ ತಳಿಯೂ ಬಂತು. ಅದು ಬರುವಷ್ಟರಲ್ಲಿ ಆ ಹೊಲಗಳ ಬಹುಪಾಲು ತೊಗರಿ, ಕಡಲೆಯ ಪಾಲಾಗಿತ್ತು.